ತುಪ್ಪ ತೊಳೆಯುವ ಸಿಟ್ಟು

ನಮ್ಮ ಅತ್ತೆ ಸಿಟ್ಟು ಬಂದರೆ ಬಯ್ಯುವುದಿಲ್ಲ. ತುಪ್ಪ ತೊಳೆಯುತ್ತಾರೆ.

ನಗಬೇಡಿ. ಮದುವೆಯಾಗಿ ಅಥಣಿ ಹತ್ತಿರದ ಸತ್ತಿ ಎಂಬ ಈ ಹಳ್ಳಿಗೆ ಬಂದ ಹೊಸದರಲ್ಲಿ ನನಗೂ ಇದು ತಿಳಿದಿರಲಿಲ್ಲ. ನಾನು ನಿಪ್ಪಾಣಿಯವಳು. ನಮ್ಮ ತವರಿನಲ್ಲಿ ಸಿಟ್ಟೆಂದರೆ ಪಾತ್ರೆ ಹಾರಬೇಕು, ಕನ್ನಡ ಸಾಲದಾದಾಗ ಮರಾಠಿ ಶುರುವಾಗಬೇಕು, ಓಣಿಗೆಲ್ಲ ಕೇಳಬೇಕು. ಇಲ್ಲಿ ನೋಡಿದರೆ ಅತ್ತೆ ಗೋಡೆಯ ಹಲಗೆಯಿಂದ ತಾಮ್ರದ ತಾಟು ಇಳಿಸಿ, ಪಡಸಾಲೆಯ ಕಂಬಕ್ಕೆ ಒರಗಿ ಸುಮ್ಮನೆ ಕೂತುಬಿಡುತ್ತಿದ್ದರು.

ಬೇವಿನೆಲೆ ಹಾಕಿ ಕಾಯಿಸಿ ಸೋಸಿದ ಆಕಳ ತುಪ್ಪ ಭರಣಿಯಲ್ಲಿ ಸದಾ ಸಿದ್ಧ. ಅದನ್ನು ತಾಟಿಗೆ ಹಾಕಿ ತಣ್ಣೀರು ಸುರಿಯುವುದು, ಅಂಗೈಯಿಂದ ತಿಕ್ಕುವುದು, ನೀರು ಚೆಲ್ಲುವುದು, ಮತ್ತೆ ಹೊಸ ನೀರು. ತಿಕ್ಕಿ ತಿಕ್ಕಿ ತುಪ್ಪ ಬೆಣ್ಣೆಯಂತೆ ಬೆಳ್ಳಗಾಗಿ ಉಬ್ಬಿದರೆ ಮುಲಾಮು ತಯಾರು. ಕಬ್ಬಿನ ರವದಿಯ ಒಣಗರಿ ಕೊಯ್ದ ಕೈ, ಒಡೆದ ಹಿಮ್ಮಡಿ, ರೊಟ್ಟಿ ಬೇಯಿಸುವ ಹಂಚು ತಾಗಿದ ಬೆರಳು, ಎಲ್ಲಕ್ಕೂ ಅದೇ.

“ಎಷ್ಟ ಸಲ ತೊಳೀಬೇಕ್ರಿ ಅತ್ತಿ?” ಎಂದು ಒಮ್ಮೆ ಕೇಳಿದೆ.

“ಸಿಟ್ಟ ಇಳಿಯೂತನಕ.”

ತಾಟು ಇಳಿಸಿದ ಸದ್ದಾದರೆ ಸಾಕು, ಅಂಗಳದಿಂದ ಮಾವ ಕೇಳುತ್ತಿದ್ದರು: “ಇವತ್ತ ಯಾರ ಮ್ಯಾಲ?” (ಬಹಳ ಸಲ ಅದು ಅವರ ಮೇಲೆಯೇ ಆಗಿರುತ್ತಿತ್ತು.) ಓಣಿಯವರಂತೂ ಖಾಲಿ ಡಬ್ಬಿ ಹಿಡಿದು ಬಂದು ನನ್ನನ್ನೇ ವಿಚಾರಿಸುತ್ತಿದ್ದರು: “ಮುಲಾಮ ತೀರೇತಿ ನೋಡವಾ. ನಿಮ್ಮತ್ತಿಗೆ ಇನ್ನಾ ಸಿಟ್ಟ ಬಂದಿಲ್ಲೇನ?” ಒಬ್ಬ ಹೆಂಗಸು ಸಿಟ್ಟಾಗಲಿ ಎಂದು ಕಾಯುವ ಓಣಿ ಇನ್ನೆಲ್ಲಾದರೂ ಇದೆಯೇ?

ನನ್ನ ಮೇಲೆ ತಾಟು ಇಳಿದದ್ದು ಅಥಣಿಯ ಶಾಲೆಯಿಂದ ಟೀಚರ್ ಕೆಲಸದ ಆರ್ಡರ್ ಬಂದ ದಿನ. ನಾವಿಬ್ಬರೂ ಅಥಣಿಯಲ್ಲೇ ಮನೆ ಮಾಡುತ್ತೇವೆ ಎಂದು ನಮ್ಮವರು ಹೇಳಿದರು. ಹೇಳಿದ್ದೇ ಹೊಲಕ್ಕೆ ಪರಾರಿ! ಭಾವ, ನೆಗೆಣ್ಣಿ, ಅವರ ಮಕ್ಕಳು ಎಲ್ಲ ಇರುವ ತುಂಬಿದ ಮನೆ. ನಾವು ಹೋದರೆ ಬರಿದಾಗುವಂಥದ್ದೇನಲ್ಲ. ಆದರೂ ಅತ್ತೆ ತಾಟು ಇಳಿಸಿ ಕೂತರು. ಮಧ್ಯಾಹ್ನದ ಚಹಾ ಆಯಿತು, ದನ ಮನೆಗೆ ಬಂದವು, ತಾಟಿನ ಸದ್ದು ನಿಲ್ಲಲಿಲ್ಲ. ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಗಮನವೆಲ್ಲ ಆ ಸದ್ದಿನ ಕಡೆಗೇ ಇದ್ದು, ಮಣಿಕಟ್ಟು ಹಂಚಿಗೆ ತಾಗಿತು. ಚೀರಿದೆ.

ಅತ್ತೆ ಎದ್ದು ಬಂದರು. ಕೈಗೆ ತಣ್ಣೀರು ಸುರಿದರು, ಸೆರಗಿನಿಂದ ಒರೆಸಿದರು, ಆಗಷ್ಟೇ ತೊಳೆದ ತುಪ್ಪ ಸವರಿದರು.

“ನಿನ್ನ ಮ್ಯಾಲಿನ ಸಿಟ್ಟ ಇದು. ಹಚ್ಚಕೋ, ಲಗೂನ ಮಾಯತೈತಿ.”

ನಾನು ಅತ್ತುಬಿಟ್ಟೆ. ಉರಿಗಲ್ಲ.

ಅಥಣಿಗೆ ಬಂದ ಮೇಲೆ, ಸತ್ತಿಯಿಂದ ಯಾರು ಪೇಟೆಗೆ ಬಂದರೂ ಅವರ ಚೀಲದಲ್ಲಿ ನನಗೊಂದು ಡಬ್ಬಿ ಇರುತ್ತಿತ್ತು. ಮುಚ್ಚಳ ತೆರೆದರೆ ಬೇವಿನ ವಾಸನೆ. ನನಗೆ ಸಮಾಧಾನ. ಅತ್ತೆಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ, ಅಂದರೆ ನಾನಿನ್ನೂ ಆ ಮನೆಯವಳು.

ಈ ಸಲ ಎಷ್ಟು ಕಾದರೂ ಡಬ್ಬಿ ಬರಲಿಲ್ಲ. ಕಳೆದ ಭಾನುವಾರ ತಡೆಯಲಾರದೆ ಸತ್ತಿಗೆ ಹೋದೆವು. ತಾಟು ಹಲಗೆಯ ಮೇಲೆ ಧೂಳು ಹಿಡಿದು ಕೂತಿತ್ತು.

“ತುಪ್ಪ ತೊಳದಿಲ್ಲೇನ್ರಿ ಅತ್ತಿ?”

“ಯಾಕ ತೊಳೀಲಿ? ಎಲ್ಲಾರೂ ಅಂಗಡ್ಯಾಗಿನ ಟ್ಯೂಬ ಹಚ್ಚಾಕತ್ತಾರ. ನೀವೂ ಅಲ್ಲೇ ಹೊಂದ್ಕೊಂಡೀರಿ. ಸಿಟ್ಟ ಬರೂದಿಲ್ಲವಾ ಈಗ.”

ನಕ್ಕು, ನನ್ನ ಮುಂದೆ ಚಹಾ ಇಟ್ಟರು. ಕಪ್ಪು-ಬಸಿಯಲ್ಲಿ!

ಆ ಮನೆಯಲ್ಲಿ ಮನೆಯವರಿಗೆಲ್ಲ ಸ್ಟೀಲ್ ಲೋಟ. ಕಪ್ಪು-ಬಸಿ ಬರುವುದು ಬೀಗರು ಬಂದಾಗ ಮಾತ್ರ. ನಮ್ಮ ಜನ ಸಿಟ್ಟಾಗುವುದನ್ನು ಬಿಟ್ಟು ಉಪಚಾರ ಮಾಡತೊಡಗಿದರೆ ಎಲ್ಲಿಗೆ ಹೋಗುವುದು ಹೇಳಿ? ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೀಗಿತ್ತಿಯನ್ನಾಗಿ ಮಾಡಿದರೆ ತಡೆಯುವುದು ಹೇಗೆ?

ಚಹಾ ಮುಟ್ಟದೆ ಹೇಳಿದೆ (ಸುಳ್ಳು, ಅಪ್ಪಟ ಸುಳ್ಳು): “ಅತ್ತಿ, ನಾ ಈಗ ಮನ್ಯಾಗ ರೊಟ್ಟಿ ಬಡಿಯೂದ ಬಿಟ್ಟೇನ್ರಿ. ಖಾನಾವಳಿಯಿಂದ ತರಸ್ತೀವಿ.”

ನಮ್ಮವರು ಬಾಯಿ ತೆರೆದು ನನ್ನನ್ನೇ ನೋಡಿದರು. ಅತ್ತೆಯ ನಗು ನಿಂತಿತು.

“ಖಾನಾವಳಿ ರೊಟ್ಟಿ? ನನ್ನ ಮಗಗ?”

ನನ್ನ ಮುಂದಿನ ಕಪ್ಪು-ಬಸಿ ಎತ್ತಿ ಬದಿಗಿಟ್ಟರು. ಕೈ ಹಲಗೆಯ ಕಡೆ ಹೋಯಿತು. ತಾಟು ಠಣ್ ಎಂದಿತು.

ಅಂಗಳದಿಂದ ಮಾವನ ದನಿ: “ಇವತ್ತ ಯಾರ ಮ್ಯಾಲ?”

“ನನ್ನ ಮ್ಯಾಲ್ರೀ ಮಾವಾರ!” ಎಂದೆ, ಕ್ಲಾಸಿಗೇ ಫಸ್ಟ್ ಬಂದ ಹುಡುಗಿಯಂತೆ.