ಎಡಗಡೆಯ ಬೇರಿಂಗ್

ಬಿಡದಿಯ ಕಾರು ಕಾರ್ಖಾನೆಯಲ್ಲಿ ನನ್ನ ಕೆಲಸ ಬಾಗಿಲಿನ ಸುತ್ತ ರಬ್ಬರ್ ಪಟ್ಟಿ ಕೂರಿಸುವುದು. ಹನ್ನೊಂದು ವರ್ಷದಿಂದ ಅದೊಂದೇ. ಗುಡೇಮಾರನಹಳ್ಳಿಯ ನಮ್ಮ ಮನೆಯವರಿಗೆ ಇದನ್ನು ನಾನು ಬಿಡಿಸಿ ಹೇಳಿರಲಿಲ್ಲ. ಅವರ ಪಾಲಿಗೆ ನಾನು ಕಾರು ಮಾಡುವವನು. ಆ ಮರ್ಯಾದೆ ಹಿತವಾಗಿತ್ತು, ಸುಮ್ಮನಿದ್ದೆ.

ಹೋದ ವರ್ಷ ನನ್ನ ಹಳೆಯ ಕಾರು ಗುಂಯ್‌ಗುಡಲು ಶುರುಮಾಡಿತು. ವೇಗ ಹೆಚ್ಚಿದಂತೆ ಸದ್ದೂ ಹೆಚ್ಚುತ್ತಿತ್ತು. ಒಂದು ಭಾನುವಾರ ಹೆಂಡತಿ, ಅಕ್ಕ, ಚಿಕ್ಕಪ್ಪ ಮೂವರನ್ನೂ ಕೂರಿಸಿಕೊಂಡು ಸೋಲೂರಿನ ನೆಂಟರ ಮನೆಗೆ ನಾಮಕರಣಕ್ಕೆ ಹೊರಟಿದ್ದೆ. ಚಿಕ್ಕಪ್ಪ ಕುರಿ ಸಾಕಿಕೊಂಡೇ ಅರವತ್ತು ದಾಟಿದವನು. ಮಂದೆಯಲ್ಲಿ ಯಾವ ಕುರಿ ಕೆಮ್ಮಿತೆಂದು ಬೆನ್ನು ತಿರುಗಿಸಿ ಕೂತೇ ಹೇಳುತ್ತಾನೆ. ಊರವರು ಕುಂಟುವ ಕುರಿಗಳನ್ನು ತಂದು ಅವನ ಮುಂದೆ ನಡೆಸಿ, ಯಾವ ಕಾಲೆಂದು ಕೇಳಿಕೊಂಡು ಹೋಗುವುದುಂಟು.

ಎರಡು ತಿರುವು ಕಳೆದ ಮೇಲೆ ಅವನು, "ಮಗಾ, ಇದಕ್ಕೆ ಮುಂದ್ಲ ಬಲಗಾಲು ನೋಯ್ತೈತೆ," ಎಂದ. "ಎಡಕ್ಕೆ ತಿರುಗ್ಸಿದಾಗ ಭಾರವೆಲ್ಲಾ ಬಲಕ್ಕೆ ಬೀಳ್ತದೆ. ಆಗ್ಲೇ ನೋಡು ಅದು ಅಳಾದು."

ಎಡಕ್ಕೆ ತಿರುಗಿಸಿದಾಗ ಸದ್ದು ಜಾಸ್ತಿ, ಹಾಗಾಗಿ ಕೆಟ್ಟಿರುವುದು ಎಡಗಡೆ ಚಕ್ರದ ಬೇರಿಂಗೇ ಎಂದು ನಾನು ಆಗಲೇ ತೀರ್ಮಾನಿಸಿಬಿಟ್ಟಿದ್ದೆ. "ಇದು ಕುರಿಯಲ್ಲ ಚಿಕ್ಕಪ್ಪ, ಕಾರು. ನೀನು ಹಟ್ಟಿ ನೋಡ್ಕೋ, ಇದನ್ನ ನಾನು ನೋಡ್ಕತೀನಿ," ಎಂದೆ. ಹಿಂದೆ ಕೂತಿದ್ದ ಹೆಂಗಸರು ನಕ್ಕರು. ಅವನೂ ಸ್ವಲ್ಪ ನಕ್ಕು ಕಿಟಕಿಯ ಕಡೆ ಮುಖ ಮಾಡಿದ.

ಮಾರನೆಯ ದಿನ ಮಾಗಡಿಯ ಗ್ಯಾರೇಜಿಗೆ ಹೋದೆ, ಬೇಕೆಂದೇ ಕಾರ್ಖಾನೆಯ ಅಂಗಿ ಹಾಕಿಕೊಂಡು. "ಸಾರ್, ಜಾಕ್ ಎತ್ತಿ ಎರಡು ಚಕ್ರಾನೂ ಕೈಲಿ ತಿರುಗ್ಸಿ ನೋಡ್ಬುಡನ," ಎಂದ ಮೆಕ್ಯಾನಿಕ್. "ನೋಡೋದೇನೂ ಇಲ್ಲ, ಎಡಗಡೇದು ಬದಲಾಯ್ಸು," ಎಂದೆ. ಅವನು ನನ್ನ ಅಂಗಿ ನೋಡಿದ, ಎಡಗಡೆಯದನ್ನೇ ಬಿಚ್ಚಿದ. ಹಳೆಯ ಬೇರಿಂಗನ್ನು ಹುಷಾರಾಗಿ ಹೊರತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು, ಬೆರಳಿಗೆ ಸಿಕ್ಕಿಸಿ ತಿರುಗಿಸಿದ. ಒಂದಿಷ್ಟೂ ಸದ್ದಿಲ್ಲ. ಅದನ್ನು ನನ್ನ ಕೈಗಿಟ್ಟ. ಆಮೇಲೆ ಬಲಗಡೆಯ ಚಕ್ರ ಎತ್ತಿ ತಿರುಗಿಸಿದ. ಅದು ಗರಗರ ಅಂದಿತು. ಅದರದ್ದನ್ನೂ ಬದಲಾಯಿಸಿದ. ಅಷ್ಟು ಹೊತ್ತೂ ನನ್ನ ಮುಖ ನೋಡಲಿಲ್ಲ. ಬೈದಿದ್ದರೂ ಅಷ್ಟು ಅವಮಾನವಾಗುತ್ತಿರಲಿಲ್ಲ.

ಮನೆಗೆ ಬಂದು, "ಎರಡೂ ಹೋಗಿದ್ವು," ಎಂದು ಹೇಳಿದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಹಾಗೆ. ಚಿಕ್ಕಪ್ಪ ಜಗಲಿಯಲ್ಲಿದ್ದ. "ಹಂಗಾ? ಎಡಗಡೇದು ನಂಗೆ ಗೊತ್ತೇ ಆಗ್ನಿಲ್ಲ. ಕಿವಿ ಮಂದ ಆಯ್ತಾ ಬಂತು ಕಣ್ ಮಗಾ," ಎಂದ. ಆಗಲೇ ನಿಜ ಹೇಳಬಹುದಿತ್ತು. ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ.

ಎರಡು ತಿಂಗಳ ಮೇಲೆ ಅವನ ಕುರಿಹಟ್ಟಿಗೆ ಹೋಗಿದ್ದೆ. ಪಕ್ಕದ ಬೀದಿಯವರೊಬ್ಬರು ಕುಂಟುವ ಕುರಿ ತಂದಿದ್ದರು. ಚಿಕ್ಕಪ್ಪ ಅದನ್ನು ಒಂದು ಸಲ ನಡೆಸಿದ, ಎರಡು ಸಲ ನಡೆಸಿದ. ಮೂರನೆಯ ಸಲ ನಡೆಸಿ, ನನ್ನ ಕಡೆ ತಿರುಗಿ, "ಯಾವ ಕಾಲು ಅಂತ ನೀನೊಸಿ ನೋಡು ಮಗಾ. ಈಗೀಗ ನಂಗೆ ನಂಬ್ಕೆ ಬರಾಕಿಲ್ಲ," ಎಂದ. ಕೊಂಕಿಗಲ್ಲ, ನಿಜವಾಗಿಯೇ ಕೇಳಿದ. ನನಗೆ ಆ ಕುರಿಯ ನಾಲ್ಕು ಕಾಲೂ ಒಂದೇ ಥರ ಕಂಡವು. ಯಾವತ್ತೂ ತಪ್ಪದ ಮನುಷ್ಯನಿಗೆ ತನ್ನ ಮೇಲೆಯೇ ಅನುಮಾನ ಹುಟ್ಟಿಸಿದ್ದೆ.

ಮೆಕ್ಯಾನಿಕ್ ಕೈಗಿಟ್ಟಿದ್ದ ಆ ಬೇರಿಂಗ್ ಇನ್ನೂ ಕಾರಿನ ಡಿಕ್ಕಿಯಲ್ಲೇ ಇತ್ತು. ತಂದು ಅವನ ಕೈಗಿಟ್ಟೆ. "ಇದು ಎಡಗಡೇದು," ಎಂದೆ. ಅವನು ಅದನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಿರುಗಿಸಿದ. ನಿಂತ ಮೇಲೆ ಮತ್ತೊಮ್ಮೆ ತಿರುಗಿಸಿದ.

"ಚೆನ್ನಾಗೈತಲ್ಲ ಮಗಾ ಇದು. ಯಾಕ್ ಬಿಚ್ಚಿಸ್ದೆ?"

"ನೀನು ಹೇಳಿದ್ದೇ ಸರಿ ಇತ್ತು. ನಾನು ಸುಳ್ಳು ಹೇಳ್ದೆ," ಎಂದೆ. ಅವನು ಇನ್ನೂ ನನ್ನನ್ನೇ ನೋಡುತ್ತಿದ್ದ. "ಕಾರ್ಖಾನೇಲಿ ನಾನು ಬಾಗ್ಲಿಗೆ ರಬ್ಬರ್ ಹಾಕೋನು ಚಿಕ್ಕಪ್ಪ. ಅಷ್ಟೇ."

ಅವನು ಬೇರಿಂಗನ್ನು ನನಗೆ ವಾಪಸು ಕೊಟ್ಟು, ಕುರಿಯ ಬಳಿ ಹೋಗಿ, ಇನ್ನೊಂದು ಸಲ ನಡೆಸದೆಯೇ ಅದರ ಹಿಂದಿನ ಎಡಗಾಲು ಎತ್ತಿ ಹಿಡಿದ. ಗೊರಸಿನ ಸಂದಿಯಲ್ಲಿ ಜಾಲಿಮುಳ್ಳು ಮುರಿದು ಕೂತಿತ್ತು.