ಅಪ್ಪನ ಬೆನ್ನು ತುಳಿಯುವ ಕೆಲಸ

ಬಿಸಿ ಮಾಡಿದ ಕರ್ಪೂರದೆಣ್ಣೆಯ ವಾಸನೆ ಬಂದರೆ ಸಾಕು, ನಾನು ಗುತ್ತಿಗಾರು ಊರಿನ ನಮ್ಮ ಹಳೆಯ ಮನೆಯಲ್ಲಿ ಕಿಟಕಿಯ ಸರಳು ಹಿಡಿದು ಅಪ್ಪನ ಬೆನ್ನ ಮೇಲೆ ನಿಂತಿರುತ್ತೇನೆ. ಲಾರಿಗೆ ಮರದ ದಿಮ್ಮಿ ಹೇರಿ ಬಂದ ಅಪ್ಪ ಚಾಪೆಯಲ್ಲಿ ಬೋರಲು ಮಲಗುತ್ತಿದ್ದರು. ಅಮ್ಮ ಎಣ್ಣೆ ತಿಕ್ಕಿದ ಮೇಲೆ ತುಳಿಯುವುದು ನನ್ನ ಕೆಲಸ. ಕಲ್ಲಿನಂತಿದ್ದ ಬೆನ್ನು ಹಿಮ್ಮಡಿಯಡಿ ಮೆಲ್ಲನೆ ಸಡಿಲವಾಗುತ್ತಿತ್ತು.

“ಹಾಂ, ಅಲ್ಲೇ. ಈಗ ಜೀವ ಬಂತು ನೋಡು,” ಎನ್ನುತ್ತಿದ್ದರು.

ಒಂದು ಸಂಜೆ ಸೊಂಟದ ಮೇಲೆ ಎರಡೂ ಕಾಲೂರಿ ನಿಂತಿದ್ದೆ.

“ಎಂತ ಮಗಾ, ಇನ್ನೂ ಹತ್ತಲಿಲ್ವಾ?” ಎಂದರು ಅಪ್ಪ.

ಅಮ್ಮ ನನ್ನ ಪಾದಗಳನ್ನೇ ನೋಡಿದಳು. ಆ ಮಳೆಗಾಲ ಮುಗಿಯುವ ಮೊದಲೇ ಅಪ್ಪನಿಗೆ ನಡೆಯಲಾಗದೆ ಹೋಯಿತು.

ಇವತ್ತು ಪುತ್ತೂರಿನಲ್ಲಿ ನನ್ನ ಮಗಳು ನನ್ನ ಬೆನ್ನು ತುಳಿಯುತ್ತಿದ್ದಾಳೆ. ಹಾಯೆನಿಸುತ್ತಿದೆ. ಆದರೆ ಅವಳ ಒಂದು ಕಾಲು ಮಾತ್ರ ಗೊತ್ತಾಗುತ್ತಿದೆ. ಎರಡೂ ಇಟ್ಟಿದ್ದೀಯಾ ಎಂದು ಕೇಳಲು ಬಾಯಿ ಬರುತ್ತಿಲ್ಲ.