ಹಳೇಕೋಟೆಗೆಲ್ಲ ಹೊಂಗೆಣ್ಣೆ ಹಚ್ಚಿದಾಕೆ

ಹಳೇಕೋಟೆಯಲ್ಲಿ ಇನ್ನೂ ಮಬ್ಬುಗತ್ತಲೆ. ಪುಟ್ಟತಾಯಮ್ಮನ ಹಿತ್ತಿಲ ಒಲೆಯ ಮೇಲೆ ಹೊಂಗೆಣ್ಣೆ ಸಣ್ಣಗೆ ಕುದಿಯುತ್ತಿದೆ. ಅದರೊಳಗೆ ಅರೆದ ಬೇವಿನ ಸೊಪ್ಪು, ಹಸಿ ಅರಿಶಿನ. ಸೌಟಿನಿಂದ ಚೂರು ಸೊಪ್ಪೆತ್ತಿ ಕೆಂಡಕ್ಕೆ ಹಾಕಿ ಕಿವಿಗೊಡುತ್ತಾರೆ. ಚಟಪಟ ಸದ್ದಿಲ್ಲ.

"ನೀರೆಲ್ಲ ಇಂಗೋಯ್ತು, ಇನ್ನು ಇಳಿಸ್ಬೌದು," ಎನ್ನುತ್ತಾರೆ.

ಈ ಮನೆಮದ್ದು ಅರಕಲಗೂಡು ಕಡೆಯ ತವರಿನದು, ಅಜ್ಜಿ ಕಲಿಸಿದ್ದು. ಗಂಡ ತೀರಿಕೊಂಡ ಮೇಲೆ ರಾಗಿ ಹೊಲ ನೋಡಿಕೊಂಡು, ಹೊಂಗೆ ಬೀಜ ಆಯ್ದು ಗಾಣಕ್ಕೆ ಹೊತ್ತು ಎಣ್ಣೆ ತಂದವರು. ಎಣ್ಣೆಯ ನಾತಕ್ಕೆ ಮದುವೆಮನೆಗಳಲ್ಲಿ ಅವರ ಪಕ್ಕ ಯಾರೂ ಕೂರುತ್ತಿರಲಿಲ್ಲ.

ಕಳೆದ ಮಾಘದಲ್ಲಿ ಊರಿಗೆ ಕಜ್ಜಿ ಬಂತು. ಮಹಾಯುದ್ಧದ ದಿನಗಳು; ಪೇಟೆಯಲ್ಲಿ ಮುಲಾಮಿಲ್ಲ. ಕೆರೆದೂ ಕೆರೆದೂ ಮಕ್ಕಳ ಬೆರಳ ಸಂದಿ ಕೀವುಗಟ್ಟಿತು, ಶಾಲೆ ಮುಚ್ಚಿತು. ಪುಟ್ಟತಾಯಮ್ಮ ಹಚ್ಚಿದರೆ ವಾಸಿಯಾಗುತ್ತದೆ, ಪಕ್ಕದ ಮನೆಯಿಂದ ಮತ್ತೆ ಅಂಟುತ್ತದೆ. ಊರೆಲ್ಲ ಒಂದೇ ದಿನ ಹಚ್ಚಿಕೊಳ್ಳಬೇಕು, ಬಟ್ಟೆ ಹಾಸಿಗೆಯೆಲ್ಲ ಕುದಿಸಬೇಕು ಎಂದು ಮನೆಮನೆಗೆ ಹೇಳಿಬಂದರು. ಎಲ್ಲರೂ ಒಪ್ಪಿದರು, ಪಟೇಲ ಪಂಚಾಕ್ಷರಯ್ಯನವರೊಬ್ಬರನ್ನು ಬಿಟ್ಟು.

"ನಮ್ಮನೇಲಿ ಯಾರಿಗೂ ಕಜ್ಜಿ ಇಲ್ಲ ಕಣಮ್ಮ, ಹೋಗು."

"ಅಂಗಾದ್ರೆ ಊರ್ಗೂ ಹಚ್ಚಾಕಿಲ್ಲ ಸಾಮಿ. ಒಂದು ಮನೆ ಬುಟ್ರೂ ಎಲ್ಲಾರ್ಗೂ ತಿರ್ಗಾ ಬತ್ತದೆ," ಎಂದವರೇ ಎಣ್ಣೆಯ ಗಡಿಗೆ ಇಳಿಸಿ ಅವರ ಜಗಲಿಯ ಮುಂದೆ ಕುಳಿತುಬಿಟ್ಟರು. ಬೀದಿ ತುಂಬ ಜನ. ಅವರು ಏಳಲಿಲ್ಲ.

ಬಾಗಿಲು ತೆರೆಯಿತು. ಪಟೇಲರ ಮಡದಿ ಸುವರ್ಣಮ್ಮ ಹೊರಬಂದು, ಸೆರಗಿನಡಿ ಬಚ್ಚಿಟ್ಟಿದ್ದ ಕೈ ಎಲ್ಲರೆದುರು ಚಾಚಿದರು. ಮೊಣಕೈವರೆಗೂ ಹುಣ್ಣು.

"ಮುಚ್ಚಿಟ್ಟು ಸಾಕಾಯ್ತು. ಮೊದ್ಲು ನಂಗೇ ಹಚ್ಚು ತಾಯಿ."

ಪಟೇಲರೂ ಅಂಗಿ ಕಳಚಿ ಬಂದು ಕುಳಿತರು.

ಅಂದು ಬೀದಿಬೀದಿಯಲ್ಲೂ ಹಂಡೆ ಕುದಿದವು. ಅಜ್ಜಂದಿರು, ಬಾಣಂತಿಯರು, ಕೂಲಿಯವರು ಮೈಗೆಲ್ಲ ಎಣ್ಣೆ ಬಳಿದುಕೊಂಡು ಬಿಸಿಲಿಗೆ ಕುಳಿತು ಒಬ್ಬರನ್ನೊಬ್ಬರು ನೋಡಿ ನಕ್ಕರು. ವಾರ ಬಿಟ್ಟು ಇನ್ನೊಂದು ಸಲ. ಯುಗಾದಿಗೆ ಮುಂಚೆಯೇ ಶಾಲೆಯ ಗಂಟೆ ಮೊಳಗಿತು. ಈಗ ಚನ್ನರಾಯಪಟ್ಟಣದ ಕಡೆಯಿಂದಲೂ ಗಾಡಿ ಕಟ್ಟಿಕೊಂಡು ಅವರನ್ನು ಕರೆಯಲು ಜನ ಬರುತ್ತಾರೆ.

ಹೆಮ್ಮೆ ಅನಿಸಲಿಲ್ಲವೇ ಎಂದು ಕೇಳಿದರೆ ಪುಟ್ಟತಾಯಮ್ಮ ಬಾಯ್ತುಂಬ ನಗುತ್ತಾರೆ.

"ಅನ್ಸದೇ ಏನು ಸಾ? ಅವತ್ತು ಪಟೇಲ್ರ ಮನೆ ಯಾವ್ದು, ಕೂಲಿಯೋರ ಮನೆ ಯಾವ್ದು ಅಂತ ಮೂಗ್ಗೆ ಗೊತ್ತಾಗ್ಲೇ ಇಲ್ಲ ಕಣಿ!"